ಶಂಕರಪುರದ ಮಲ್ಲಿಗೆ ತೋಟ ಬಿಟ್ಟು ಬರಲಾಗದವರನ್ನು ಪ್ರೀತಿಸಿದ್ದೇನೆ: ನಾನು ನಿಲ್ಲಬೇಕೇ, ಹೊರಡಬೇಕೇ?

ಪ್ರಶ್ನೆ: ಊರೂರು ತಿರುಗುವವಳು

ನನಗೆ 34 ವರ್ಷ. ಹುಟ್ಟಿ ಬೆಳೆದದ್ದು ಮಂಗಳೂರಿನ ಕದ್ರಿಯಲ್ಲಾದರೂ ಕಳೆದ 11 ವರ್ಷಗಳಲ್ಲಿ ಭುಜ್, ಶಿಲ್ಲಾಂಗ್, ಲೇಹ್ ಎಂದು ಕ್ಯಾಮೆರಾ ಹೊತ್ತು ತಿರುಗಿದವಳು. ಯಾವ ಊರಿನಲ್ಲಿಯೂ ಎರಡು ಮಳೆಗಾಲ ಕಂಡವಳಲ್ಲ. ಮಾರ್ಚ್‌ನಲ್ಲಿ ಮಲ್ಲಿಗೆ ಕೃಷಿಯ ಚಿತ್ರೀಕರಣಕ್ಕೆಂದು ಮೂರು ದಿನದ ಮಟ್ಟಿಗೆ ಉಡುಪಿಯ ಬಳಿಯ ಶಂಕರಪುರಕ್ಕೆ ಹೋದೆ. ಅಲ್ಲಿ ಪರಿಚಯವಾದವರ ತಾಯಿ ತೀರಿಕೊಂಡು ಆಗ ಐದು ತಿಂಗಳಾಗಿತ್ತು.

ಅವರ ದಿನ ಬೆಳಕು ಹರಿಯುವ ಮೊದಲೇ ಮೊಗ್ಗು ಬಿಡಿಸುವುದರಿಂದ ಆರಂಭವಾಗುತ್ತದೆ. ಹೊತ್ತೇರುವುದರೊಳಗೆ ಬಾಳೆನಾರಿನಲ್ಲಿ ಕಟ್ಟಿ ಮುಗಿಸಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಹಿಂದೆ ಕಟ್ಟುತ್ತಿದ್ದವರು ತಾಯಿ. ಈಗ ಕಣ್ಣು ಮಂಜಾದ ತಂದೆ ಬೆರಳಿನ ಅಂದಾಜಿನಲ್ಲಿ ಕಟ್ಟುತ್ತಾರೆ, ಇವರು ಪಕ್ಕದಲ್ಲಿ ನೆಲದ ಮೇಲೆ ಕುಳಿತು ಕೈಗೂಡಿಸುತ್ತಾರೆ. ತಾಯಿಯ ಮಣೆ ಗೋಡೆಗೊರಗಿಯೇ ಇದೆ, ಅದನ್ನು ಯಾರೂ ಹಾಸಿಕೊಳ್ಳುವುದಿಲ್ಲ.

ಆಗಸ್ಟ್‌ನಿಂದ ನನಗೆ ಅರುಣಾಚಲದಲ್ಲಿ ಎಂಟು ತಿಂಗಳ ಕೆಲಸ ಸಿಕ್ಕಿದೆ. ಹೇಳಿದಾಗ ಅವರು "ಒಳ್ಳೆಯದಾಯಿತು" ಎಂದು ಹೂವಿನ ಬುಟ್ಟಿಯತ್ತ ತಿರುಗಿದರು, ಅನಂತರ ಆ ಮಾತನ್ನೇ ಎತ್ತಿಲ್ಲ. ನಾನು ಹೋಗಿ ಬರುತ್ತೇನೆಂದು ಹೇಳಿ ಹೊರಡುವ ಅಭ್ಯಾಸದವಳೂ ಅಲ್ಲ. ಸಾವಾದ ಮನೆಯಲ್ಲಿ ಹಾಗೆ ಹೇಳಬಾರದೆಂದು ಮೊದಲ ಸಲ ಸುಮ್ಮನೆ ಎದ್ದು ಬಂದೆ, ಆಮೇಲೆ ಅದೇ ರೂಢಿಯಾಯಿತು. ಅವರು ನನ್ನನ್ನು ತಡೆಯದಿರುವುದು ಪ್ರೀತಿ ಇಲ್ಲದ್ದರಿಂದಲೇ? ಕೆಲಸ ಬಿಟ್ಟು ಅಲ್ಲಿಯೇ ನಿಲ್ಲುವುದು ಸರಿಯೇ?

ಉತ್ತರ: ಸುರತ್ಕಲ್‌ನ ಗೃಹಿಣಿ

ನನ್ನ ಪತಿ ಹಡಗಿನಲ್ಲಿ ಎಂಜಿನಿಯರ್, ಮದುವೆಯಾಗಿ 19 ವರ್ಷ. ಆರು ತಿಂಗಳೆಂದು ಹೋದವರು ಒಂಬತ್ತು ತಿಂಗಳಿಗೆ ಬಂದದ್ದುಂಟು. 2020ರಲ್ಲಿ ಬಂದರುಗಳು ಮುಚ್ಚಿ, ಜಗತ್ತಿನಾದ್ಯಂತ ಸುಮಾರು 4 ಲಕ್ಷ ನಾವಿಕರು ಗಡುವು ಮುಗಿದರೂ ಇಳಿಯಲಾಗದೆ ಸಿಲುಕಿದಾಗ ಇವರೂ ಅವರಲ್ಲಿ ಒಬ್ಬರಾಗಿದ್ದರು. ಅಷ್ಟು ವರ್ಷ ದೂರವನ್ನು ಸಹಿಸಿದ್ದ ನಾನು ಆ ವರ್ಷ ಕುಸಿದದ್ದು ಎಣಿಸಲು ಒಂದು ದಿನಾಂಕವೂ ಇಲ್ಲವಾದ್ದರಿಂದ. ದಯವಿಟ್ಟು ಕೆಲಸ ಬಿಡಬೇಡಿ, ಬಿಟ್ಟರೆ ಎರಡು ವರ್ಷದಲ್ಲಿ ಆ ತೋಟವೇ ನಿಮಗೆ ಬೇಲಿಯಂತೆ ಕಾಣತೊಡಗೀತು. ಆದರೆ ಮರಳುವ ದಿನವನ್ನು ತಿಳಿಸದೆ ಹೋಗಬೇಡಿ.

ಉತ್ತರ: ಬ್ರಹ್ಮಾವರದವನು

ನಾನು ತಾಯಿಯನ್ನು ಕಳೆದುಕೊಂಡ ವರ್ಷ ಯಾರು ಏನು ಕೇಳಿದರೂ "ಆಗಲಿ" ಎನ್ನುತ್ತಿದ್ದೆ. ಅದು ಒಪ್ಪಿಗೆಯೂ ಆಗಿರಲಿಲ್ಲ, ನಿರಾಕರಣೆಯೂ ಆಗಿರಲಿಲ್ಲ, ಮಾತು ಬೇಗ ಮುಗಿಯಲಿ ಎಂಬ ದಣಿವಾಗಿತ್ತು. ಆದುದರಿಂದ "ಒಳ್ಳೆಯದಾಯಿತು" ಎಂಬ ಒಂದು ಮಾತಿನಿಂದ ಅವರ ಮನಸ್ಸನ್ನು ಅಳೆಯಬೇಡಿ. ವರ್ಷಾಂತಿಕ ಕಳೆಯುವವರೆಗೆ ಮದುವೆಯ ಪ್ರಸ್ತಾಪವನ್ನೂ ಮಾಡಬೇಡಿ.

ನೀವು ಬರೆದುದರಲ್ಲಿ ನನಗೆ ನೋವು ತಂದದ್ದು ಇನ್ನೊಂದು ಸಂಗತಿ. ಸಾವಾದ ಮನೆಯಿಂದ ಹೇಳದೆ ಹೊರಡುವ ಕಟ್ಟುಪಾಡು ಬೊಜ್ಜದೊಂದಿಗೆ, ಅಂದರೆ ಉತ್ತರಕ್ರಿಯೆಯೊಂದಿಗೆ, ಮುಗಿಯುತ್ತದೆ. ನೀವು ಮೊದಲು ಕಾಲಿಟ್ಟಾಗಲೇ ಅದು ಮುಗಿದು ತಿಂಗಳುಗಳಾಗಿದ್ದವು. ತಾಯಿ ಹೇಳದೆ ಹೋದ ಮನೆಯಲ್ಲಿ ನೀವು ಪ್ರತಿ ಸಲವೂ ಹೇಳದೆ ಎದ್ದು ಹೋದರೆ, ಉಳಿದವನು ಯಾವುದನ್ನು ನಂಬಿ ತಡೆಯಬೇಕು?

ಇನ್ನು ಸ್ವಲ್ಪ ದಿನದಲ್ಲಿ ತುಳುವರ ಆಟಿ ತಿಂಗಳು. ಅವರ ಮನೆಯಲ್ಲಿ ಅಗೇಲು ಬಡಿಸುವ, ಅಂದರೆ ತೀರಿಕೊಂಡವರಿಗೆ ಊಟ ಅರ್ಪಿಸುವ, ಕ್ರಮವಿದ್ದರೆ, ತಾಯಿಗೆ ಇಷ್ಟವಾದುದನ್ನು ಅಟ್ಟು ಎಲೆಯ ಮೇಲಿಡುತ್ತಾರೆ. ಕರೆದರೆ ಅಂದು ಕ್ಯಾಮೆರಾ ಇಲ್ಲದೆ ಹೋಗಿ, ಕಾಯಿ ತುರಿಯುವುದಕ್ಕಾದರೂ ಕುಳಿತುಕೊಳ್ಳಿ.

ಉತ್ತರ: ಕಟಪಾಡಿಯ ಬೆಳೆಗಾರ

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಎಲ್ಲ ಭಾರವನ್ನೂ ಈ ಸಹೋದರಿಯ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಮಲ್ಲಿಗೆ ಬೆಳೆದವನಿಗೆ ರಜೆಯಿಲ್ಲ ಎಂಬುದು ಬೇಸಿಗೆಯ ಮಾತು. ಜಡಿಮಳೆಯಲ್ಲಿ ಮೊಗ್ಗು ತೀರ ಕಡಿಮೆಯಾಗುತ್ತದೆ, ನೆರೆಯವರಿಗೆ ಹೇಳಿ ನಾನೇ ನಾಲ್ಕು ದಿನ ಮಗಳ ಮನೆಗೆ ಹೋಗಿ ಬರುತ್ತೇನೆ. ಈಗಲ್ಲದಿದ್ದರೂ ಮುಂದಿನ ಮಳೆಗಾಲದಲ್ಲಿ ಅವರೂ ನೀವಿರುವಲ್ಲಿಗೆ ಒಮ್ಮೆ ಬರಲಿ.

ಪ್ರಶ್ನೆ ಕೇಳಿದವಳು

ನಿನ್ನೆ ಹೋಗಿದ್ದೆ. ಬೊಜ್ಜದ ವಿಷಯ ನನಗೆ ನಿಜವಾಗಿಯೂ ತಿಳಿದಿರಲಿಲ್ಲ, ಅದನ್ನೇ ಮೊದಲು ಹೇಳಿ ಕ್ಷಮೆ ಕೇಳಿದೆ. ಅವರು ಬಹಳ ಹೊತ್ತು ನಾರು ಸೀಳುತ್ತ ಕುಳಿತಿದ್ದು, "ನೀವು ಹೋದ ಮೇಲೆ ಪ್ರತಿ ಸಲ ಗೇಟಿನವರೆಗೆ ಬಂದು ನೋಡುತ್ತಿದ್ದೆ" ಎಂದರು.

ದಿನದ ಅಟ್ಟೆಯ ಲೆಕ್ಕ ಬರೆಯುವ ಕ್ಯಾಲೆಂಡರ್ ಅವರ ಜಗಲಿಯಲ್ಲಿದೆ. ವರ್ಷಾಂತಿಕದ ದಿನಕ್ಕೆ ಅಕ್ಟೋಬರ್ ಹಾಳೆಯಲ್ಲಿ ಮೊದಲೇ ಗುರುತು ಹಾಕಿದ್ದರು. ಅದಕ್ಕೆ ಎರಡು ದಿನ ಮೊದಲೇ ಬಂದು ಹತ್ತು ದಿನ ಇರುತ್ತೇನೆಂದೆ, ಆ ದಿನಾಂಕದ ಕೆಳಗೆ ಅವರು ನನ್ನ ಹೆಸರನ್ನು ಬರೆದರು. ಹೊರಡುವಾಗ ಅಂಗಳದಲ್ಲಿ ನಿಂತು, ಅವರ ತಂದೆಗೂ ಕೇಳಿಸುವಂತೆ, ಹೋಗಿ ಬರುತ್ತೇನೆ ಎಂದು ಹೇಳಿ ಬಂದೆ.