ಚಂದ್ರಮುಖಿಯರ ನಡುವೆ ನಮ್ಮಂಥ ಹುಡುಗಿ ಎಲ್ಲಿ?

ಪ್ರಶ್ನೆ | ಶಾಲ್ಮಲೆ

ನಾನು ಪಿಯುಸಿ ಮಕ್ಕಳಿಗೆ ಕನ್ನಡ ಪಾಠ ಮಾಡುತ್ತೇನೆ. ಹೋದ ಭಾನುವಾರ ನನ್ನ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು ತಿಂದರು. ಜಾತಕ ಚೆನ್ನಾಗಿ ಕೂಡಿದೆ ಅಂದರು. ಸಂಜೆ ಫೋನು ಬಂತು. "ಹುಡುಗಿ ಲಕ್ಷಣವಾಗಿದ್ದಾಳೆ, ಆದ್ರೆ ಬಣ್ಣ ಸ್ವಲ್ಪ ಕಮ್ಮಿ." ತಂಗಿ ಒಳಗೆ ಹೋಗಿ ಓಲೆ, ಬಳೆ ಬಿಚ್ಚಿ ಸ್ಟೀಲ್ ಡಬ್ಬಿಗೆ ಹಾಕಿದಳು. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ಮಾರನೇ ದಿನ ಕ್ಲಾಸಿನಲ್ಲಿ ಹಳೆಯ ಕಾವ್ಯದ ನಾಯಕಿಯ ವರ್ಣನೆ. ಮುಖ ಚಂದ್ರ, ಕಣ್ಣು ತಾವರೆ, ನಡು ಸಿಂಹದ್ದು, ನಡಿಗೆ ಆನೆಯದ್ದು. ಕೊನೇ ಬೆಂಚಿನ ಹುಡುಗಿ ಕೇಳಿದಳು: "ಮಿಸ್, ಆಗ ನಮ್ಮಂಥೋರು ಇರ್ಲೇ ಇಲ್ವಾ?" ನನಗೆ ಮಾತೇ ಹೊರಡಲಿಲ್ಲ.

ರೂಪದ ಈ ಹುಚ್ಚನ್ನು ಹಳೆಯ ಕವಿಗಳೇ ಚುಚ್ಚಿದ್ದು ಎಲ್ಲಿದೆ? ಉಪದೇಶ ಬೇಡ, ಕವಿತೆ ಬೇಕು.

ಉತ್ತರ | ಹಳಗನ್ನಡದ ನಂಟ

ಮೊದಲು ಆ ಹುಡುಗಿಗೆ ಹೇಳಿ, ಖಂಡಿತ ಇದ್ದರು. ದ್ರೌಪದಿಗೆ ಕೃಷ್ಣೆ ಅನ್ನೋ ಹೆಸರು ಬಂದಿದ್ದೇ ಮೈಬಣ್ಣದಿಂದ.

ಇನ್ನು ಚುಚ್ಚಿದ್ದು ಅಂದರೆ ಜನ್ನ. 1209ರ 'ಯಶೋಧರ ಚರಿತೆ'. ರಾಣಿ ಅಮೃತಮತಿ ರಾತ್ರಿ ಮಾವುತನ ಹಾಡು ಕೇಳಿ ಮನಸೋಲುತ್ತಾಳೆ. ಅವನನ್ನು ನೋಡಿ ಬಂದ ಕೆಳದಿ ತಲೆಯಿಂದಲೇ ಶುರು ಮಾಡುತ್ತಾಳೆ. ಕೊಡತಿಯಂಥ ಹಣೆ, ಚಪ್ಪಟೆ ಮೂಗು, ಹೊರಗೆ ಬಂದ ಬೆನ್ನು. ಒಂದೊಂದೇ ಅಂಗ ಹಿಡಿದು ಹೊಗಳುವ ಅದೇ ಹಳೇ ಅಚ್ಚು, ಇಲ್ಲಿ ತಲೆಕೆಳಗಾಗಿದೆ. ಅದೂ ಗಂಡಸಿನ ಮೇಲೆ! ಅದಕ್ಕೆ ರಾಣಿಯ ಉತ್ತರ ಕೇಳಿ. ಕಪ್ಪಗಿದೆ ಅಂತ ಕಸ್ತೂರಿಯನ್ನು, ಮುರುಟಿದೆ ಅಂತ ಗಂಧದ ಮರವನ್ನು, ಬಾಗಿದೆ ಅಂತ ಮನ್ಮಥನ ಬಿಲ್ಲನ್ನು ಯಾರಾದರೂ ಹೀಗಳೆಯುತ್ತಾರಾ? ಒಲವಿದ್ದರೆ ರೂಪದ ಕಾಟ ಯಾಕೆ?

ಆದರೆ ಕಥೆ ಮುಂದೆ ಕ್ರೂರವಾಗಿದೆ. ಮಾವುತ ಅವಳನ್ನು ಹೊಡೆಯುತ್ತಾನೆ, ಅವಳು ಗಂಡನಿಗೆ ವಿಷವಿಡುತ್ತಾಳೆ. ಪಾಠ ಮಾಡುವಾಗ ಅದನ್ನು ಮುಚ್ಚಿಡಬೇಡಿ.

ಉತ್ತರ | ಶತಕಪ್ರಿಯ

ಸಂಸ್ಕೃತ ಕವಿ ಭರ್ತೃಹರಿಯ 'ವೈರಾಗ್ಯ ಶತಕ' ನೋಡಿ. ಹೆಣ್ಣಿನ ಎದೆಯ ಮಾಂಸದ ಗಂಟಿಗೆ ಚಿನ್ನದ ಕಲಶ ಅಂತೀರಿ, ಕಫದ ಮನೆಯಾದ ಮುಖಕ್ಕೆ ಚಂದ್ರ ಅಂತೀರಿ ಎಂದು ಕವಿಗಳನ್ನೇ ತರಾಟೆಗೆ ತೆಗೆದುಕೊಳ್ಳುತ್ತಾನೆ. ಹೋಲಿಕೆಗಳ ಬಣ್ಣ ಇಷ್ಟು ಜೋರಾಗಿ ಕೆರೆದವರು ಕಮ್ಮಿ.

ಶಾಲ್ಮಲೆ

ಅದನ್ನು ಓದಿದ್ದೇನೆ ಸರ್. ಆದರೆ ಅಲ್ಲಿ ಪೆಟ್ಟು ಬೀಳುವುದು ಹೆಣ್ಣಿನ ಮೈ ಮೇಲೆ. ನೋಡುವವನ ಕಣ್ಣಿನ ಬಗ್ಗೆ ಹೇಳಬೇಕಾದ್ದನ್ನು ಅವಳ ಮೈಗೆ ಹೇಳಿದ ಹಾಗಿದೆ. ಆ ಹುಡುಗಿಯ ಮುಂದೆ ನಾನು ಅದನ್ನು ಓದಲಾರೆ.

ಉತ್ತರ | ನಿವೃತ್ತ ಟೀಚರಮ್ಮ

ಶಾಲ್ಮಲೆ, ಅಕ್ಕಮಹಾದೇವಿಯನ್ನು ಹೇಗೆ ಮರೆತೆಯಮ್ಮಾ?

"ಕಾಯ ಕರ್ರನೆ ಕಂದಿದಡೇನಯ್ಯಾ?
ಕಾಯ ಮಿರ್ರನೆ ಮಿಂಚಿದಡೇನಯ್ಯಾ?"

ಜನ್ನನ ರಾಣಿ ಕಪ್ಪನ್ನು ಕಾಪಾಡೋಕೆ ಕಸ್ತೂರಿ ತರಬೇಕಾಯಿತು. ಬೆಲೆಬಾಳುವ ಇನ್ನೊಂದು ಕರಿ ವಸ್ತು ತೋರಿಸಬೇಕಾಯಿತು, ಅಲ್ವಾ? ಅಕ್ಕ ಹಾಗೆ ಮಾಡಲ್ಲ. ಕಪ್ಪೂ ಚೆಂದ ಅಂತ ಸಮಾಧಾನ ಹೇಳಲ್ಲ. ಕರ್ರನೆಗೂ 'ಏನಯ್ಯಾ', ಮಿರ್ರನೆಗೂ 'ಏನಯ್ಯಾ'. ಅಂತರಂಗ ಶುದ್ಧವಾಗಿ ಚೆನ್ನಮಲ್ಲಿಕಾರ್ಜುನ ಒಲಿದ ಮೇಲೆ ಕಾಯ ಹೇಗಿದ್ದರೇನು ಅಂತಾಳೆ. 12ನೇ ಶತಮಾನದ ಹೆಣ್ಣುಮಗಳು, ತನ್ನ ಮೈ ಬಗ್ಗೆ ತಾನೇ ಮಾತಾಡ್ತಿದ್ದಾಳೆ. ಬೇರೆ ಯಾರೂ ಅಳೆದು ಹೇಳ್ತಿಲ್ಲ. ಅದನ್ನು ಗಟ್ಟಿಯಾಗಿ ಓದು. ಆ 'ರ್ರ' ಬಾಯಲ್ಲಿ ಉರುಳಬೇಕು.

ಶಾಲ್ಮಲೆ

ಅಮ್ಮಾ, ಇವತ್ತು ಬೋರ್ಡಿನ ಮೇಲೆ ಬರೆದೆ. ಗಟ್ಟಿಯಾಗಿ ಓದಿಸಿದೆ. ಮೊದಲ ಸಾಲಿಗೆ ಕೆಲವರು ಕಿಸಕ್ಕೆಂದರು, ಎರಡನೇ ಸಾಲಿಗೆ ಸುಮ್ಮನಾದರು.

ಅದೇ ಹುಡುಗಿ ಕೈ ಎತ್ತಿದಳು. "ಮಿಸ್, ಕರ್ರನೆ ಅಂದ್ರೆ ಕರ್ರಗೆ ಅಂತಾನೇನಾ?"

ಹೌದು ಅಂದೆ. ನೋಟ್‌ಬುಕ್ಕಿನ ಹೊಸ ಹಾಳೆ ತೆಗೆದು ಬರೆದುಕೊಂಡಳು. ಮನೆಗೆ ಬಂದು ತಂಗಿಗೂ ಓದಿ ಹೇಳಿದೆ. ಅವಳು "ಇನ್ನೊಂದು ಸಲ ಹೇಳು" ಅಂದಳು.