‘ಅಪಧಮನಿ ಕಾಠಿಣ್ಯ’: ಎರಡು ಬೇರೆ ಸಂಗತಿಗಳಿಗೆ ಒಂದೇ ಪದ ಸಾಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ಹಿರಿಯರ ಆರೋಗ್ಯದ ಬಗೆಗಿನ ಪುಸ್ತಿಕೆಯೊಂದರ ಕರಡು ತಿದ್ದುತ್ತಿದ್ದೇನೆ. ಅದರಲ್ಲಿ ಆರ್ಟೀರಿಯೋಸ್ಕ್ಲೆರೋಸಿಸ್, ಅಥೆರೋಸ್ಕ್ಲೆರೋಸಿಸ್ ಎರಡಕ್ಕೂ ‘ಅಪಧಮನಿ ಕಾಠಿಣ್ಯ’ ಎಂದೇ ಇದೆ. ವಯಸ್ಸಿಗೂ ರೋಗಕ್ಕೂ ಇರುವ ನಂಟನ್ನು ಹೇಳಹೊರಟ ಅಧ್ಯಾಯದಲ್ಲಿ ಇದು ಅರ್ಥವನ್ನೇ ಕಲಸಿಬಿಟ್ಟಿದೆ.

ಮೊದಲನೆಯದು, ಅಂದರೆ ಆರ್ಟೀರಿಯೋಸ್ಕ್ಲೆರೋಸಿಸ್, ವಯಸ್ಸಾದಂತೆ ಹೆಚ್ಚುಕಡಿಮೆ ಎಲ್ಲರಲ್ಲೂ ಆಗುವಂಥದ್ದು: ಹೃದಯದಿಂದ ರಕ್ತ ಒಯ್ಯುವ ನಾಳದ (ಅಪಧಮನಿಯ) ಗೋಡೆ ಬಿರುಸಾಗುವುದು. ಗೋಡೆಯ ನಡುಪದರದಲ್ಲಿ ಹಿಗ್ಗಿ ಕುಗ್ಗುವ ಎಲಾಸ್ಟಿನ್ ಎಳೆಗಳಿವೆ. ಅವು ಬಹುಪಾಲು ಗರ್ಭದಲ್ಲಿ ಮತ್ತು ಎಳವೆಯಲ್ಲೇ ತಯಾರಾಗುತ್ತವೆ. ಆಮೇಲೆ ಹರಿದುಹೋದವಕ್ಕೆ ಬದಲಿ ಹುಟ್ಟುವುದು ತೀರಾ ಕಡಿಮೆ. ದಶಕಗಟ್ಟಲೆ ಮಿಡಿದು ಮಿಡಿದು ಅವು ತುಂಡಾಗುತ್ತವೆ, ಕೊಲ್ಲಾಜೆನ್ ಎಂಬ ಗಡುಸಾದ ಎಳೆ ಹೆಚ್ಚುತ್ತದೆ. ಬಿ.ಪಿ.ಯ ಮೇಲಿನ ಅಂಕಿ ಏರಿ, ಐವತ್ತು ಅರವತ್ತು ದಾಟಿದ ಮೇಲೆ ಕೆಳಗಿನದು ಇಳಿಯಲು ಈ ಬಿರುಸೇ ಮುಖ್ಯ ಕಾರಣ. ಇದಕ್ಕೆ ‘ಪೆಡಸಣೆ’ ಚೆನ್ನಾಗಿ ಒಪ್ಪುತ್ತದೆ. ಪೆಡಸು ಎಂದರೆ ಬಗ್ಗದ್ದು ಎಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಎರಡನೆಯದು ನಿಜವಾದ ರೋಗ. ಎಲ್‌ಡಿಎಲ್ (‘ಕೆಟ್ಟ’) ಕೊಲೆಸ್ಟರಾಲ್ ನಾಳದ ಗೋಡೆಯ ಒಳಪದರದೊಳಕ್ಕೆ ನುಸುಳುತ್ತದೆ; ಅದನ್ನು ನುಂಗಲು ಬಂದ ಬಿಳಿ ರಕ್ತಕಣಗಳೂ ಅಲ್ಲೇ ಉಳಿದು, ಉರಿಯೂತವಾಗಿ, ಗಂಟು ಬೆಳೆಯುತ್ತದೆ. 1904ರಲ್ಲಿ ಜರ್ಮನ್ ರೋಗಶಾಸ್ತ್ರಜ್ಞ ಫೆಲಿಕ್ಸ್ ಮಾರ್ಶಾಂಡ್ ಇದಕ್ಕೆ ಅಥೆರೋಸ್ಕ್ಲೆರೋಸಿಸ್ ಎಂದು ಹೆಸರಿಟ್ಟಾಗ ಎರಡು ಗ್ರೀಕ್ ಮಾತುಗಳನ್ನು ಕೂಡಿಸಿದರು: ಗಂಜಿ ಮತ್ತು ಗಡಸು. ನಮ್ಮ ‘ಕಾಠಿಣ್ಯ’ದಲ್ಲಿ ಗಂಜಿ ಮಾಯವಾಗಿದೆ. ಅಪಾಯ ಹೆಚ್ಚಾಗಿ ಇರುವುದೋ ಆ ಮೆತ್ತನೆಯ ತಿರುಳಿನಲ್ಲೇ. ಮೇಲಿನ ತೆಳು ಹೊದಿಕೆ ಹರಿದರೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ, ಹೃದಯಾಘಾತವಾಗುತ್ತದೆ.

ಕರಡಿನಲ್ಲಿ ಇದನ್ನು ‘ವಯೋಸಹಜ ಕಾಯಿಲೆ’ ಎಂದಿದ್ದಾರೆ. ನನಗೆ ಅತಿ ಹೆಚ್ಚು ತಕರಾರಿರುವುದು ಇಲ್ಲಿ. ಕೊರಿಯಾ ಯುದ್ಧದಲ್ಲಿ ಸತ್ತ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವರದಿ 1953ರಲ್ಲಿ ಬಂತು. ಸರಾಸರಿ ವಯಸ್ಸು 22. ಮುಕ್ಕಾಲು ಪಾಲಿಗೂ ಹೆಚ್ಚು ಮಂದಿಯಲ್ಲಿ ರೋಗದ ಗುರುತುಗಳಿದ್ದವು. ಇತ್ತ ಬೊಲಿವಿಯಾದ ತ್ಸಿಮಾನೆ ಬುಡಕಟ್ಟಿನಲ್ಲಿ, 2017ರ ಅಧ್ಯಯನದ ಪ್ರಕಾರ, 75 ದಾಟಿದವರಲ್ಲೂ ಸುಮಾರು ಮೂರರಲ್ಲಿ ಎರಡು ಪಾಲು ಜನರ ಹೃದಯದ ಅಪಧಮನಿಗಳಲ್ಲಿ ಈ ರೋಗದ ಗುರುತಾದ ಸುಣ್ಣದಂಶವೇ (ಕ್ಯಾಲ್ಸಿಯಂ) ಕಾಣಲಿಲ್ಲ. ಹೀಗಿರುವಾಗ ‘ಸಹಜ’ ಎಂದರೆ ಓದುವ ಹಿರಿಯರು ‘ವಯಸ್ಸಾಯ್ತಲ್ಲ, ಇನ್ನೇನು ಮಾಡೋದು’ ಎಂದು ಕೈಚೆಲ್ಲಬಹುದು. ಬಿ.ಪಿ., ಸಕ್ಕರೆ, ಕೊಲೆಸ್ಟರಾಲ್ ಹತೋಟಿಗೆ ತಂದರೆ, ಬೀಡಿ ಸಿಗರೇಟು ಬಿಟ್ಟರೆ ಯಾವ ವಯಸ್ಸಿನಲ್ಲೂ ಅಪಾಯ ತಗ್ಗುತ್ತದೆ.

ಹಾಗಂತ ವಯಸ್ಸಿನ ಪಾಲಿಲ್ಲವೆಂದಲ್ಲ. ವರ್ಷ ಕಳೆದಷ್ಟೂ ಕೊಲೆಸ್ಟರಾಲಿನ ಸಂಚಯ ಹೆಚ್ಚುತ್ತದೆ, ಒಳಪೊರೆಯ ರಿಪೇರಿ ಶಕ್ತಿಯೂ ಕುಗ್ಗುತ್ತದೆ. ಅದಕ್ಕೇ ‘ವಯಸ್ಸಿನಿಂದ ಬರುವ’ ಎಂಬುದನ್ನು ‘ವಯಸ್ಸಾದಂತೆ ಬಲಿಯುವ’ ಎಂದು ತಿದ್ದಿದ್ದೇನೆ. ‘ರೋಗ ಬಲಿಯಿತು’ ಎಂದಾಗ ಮೊದಲೇ ಇದ್ದದ್ದು ಬೆಳೆಯಿತು ಎಂಬ ಅರ್ಥ ತಾನಾಗಿ ಬರುತ್ತದೆ.

ರೋಗದ ಹೆಸರಿಗೆ ಮಾತ್ರ ತೃಪ್ತಿಯಾದ ಪದ ಸಿಕ್ಕಿಲ್ಲ. ‘ಜಿಡ್ಡುಗಟ್ಟುವಿಕೆ’ ಎಂದರೆ ಕೊಳವೆಯ ಒಳಮೈಗೆ ಮೆತ್ತಿಕೊಂಡ ಹಾಗೆ ಕೇಳಿಸುತ್ತದೆ. ಗಂಟು ಬೆಳೆಯುವುದು ಗೋಡೆಯೊಳಗೆ. ಎಲ್ಲರ ಬಾಯಲ್ಲಿರುವ ‘ಬ್ಲಾಕ್’ ರೋಗದ ಕೊನೆಯ ಹಂತವನ್ನಷ್ಟೇ ಹೇಳುತ್ತದೆ. ‘ಅಪಧಮನಿ ಕೊಬ್ಬುಗಂಟು ರೋಗ’ ಎನ್ನಬಹುದೇ? ಕ್ಯಾನ್ಸರ್ ಗಂಟೆಂದು ಯಾರಾದರೂ ಗಾಬರಿಯಾದಾರೇ? ಬಳಗದಲ್ಲಿರುವ ವೈದ್ಯರು ರೋಗಿಗಳಿಗೆ ಕನ್ನಡದಲ್ಲಿ ಇದನ್ನು ಹೇಗೆ ವಿವರಿಸುತ್ತೀರಿ, ದಯವಿಟ್ಟು ತಿಳಿಸಿ.