ಸಹಾಯ ಬೇಕು: ಬಾಲ್ಡರ್ಸ್ ಗೇಟ್ 3 ಗೇಮ್‌ನಲ್ಲಿ ಬಿಲ್ಲುಗಾರ ರೋಗ್

ನಮಸ್ಕಾರ. ಮೊದಲ ಸಲ ಬಿಲ್ಲು ಹಿಡಿದ ರೋಗ್ (ಕಳ್ಳನಂತೆ ಅಡಗಿ ಹೊಡೆಯುವ ಪಾತ್ರ) ಮಾಡಿಕೊಂಡಿದ್ದೇನೆ. ಗೆಳೆಯನಿಗೆ ಫೋನಲ್ಲಿ ಹೇಳುವಾಗ ಅಮ್ಮ ‘ಯಾರಿಗೋ ರೋಗ?’ ಅಂತ ಗಾಬರಿಯಾದರು! ಸಿಲ್ಕ್ ಬೋರ್ಡ್ ದಾಟಿ ಮನೆ ಸೇರಿದ ಮೇಲೆ ಆಡಲು ಸಿಗುವುದೇ ಒಂದು ಗಂಟೆ. ಅದೂ ಗುರಿ ತಪ್ಪುವುದರಲ್ಲೇ ಮುಗಿಯುತ್ತದೆ.

ಈಗ ಲೆವೆಲ್ 5, ರೋಗ್‌ನಲ್ಲೇ ಥೀಫ್ ಅನ್ನೋ ಬಗೆ. ಲೆವೆಲ್ 4ರಲ್ಲಿ ಶಾರ್ಪ್‌ಶೂಟರ್ ಅನ್ನೋ ವಿಶೇಷ ಕೌಶಲ ತಗೊಂಡೆ. ಏಟಿಗೆ 10 ಜಾಸ್ತಿ, ಸರಿ. ಆದರೆ ಗುರಿಗೆ 5 ಕಡಿತ. ನಿನ್ನೆ ಎತ್ತರದಲ್ಲಿ ನಿಂತು ಬಿಟ್ಟ ಆರು ಬಾಣದಲ್ಲಿ ತಗಲಿದ್ದು ಒಂದೇ. ಸರದಿಗೆ ಒಂದೇ ಬಾಣ ಅಲ್ವಾ, ಅದು ತಪ್ಪಿದರೆ ಸ್ನೀಕ್ ಅಟ್ಯಾಕೂ (ರೋಗ್‌ಗೆ ಸಿಗುವ ಹೆಚ್ಚುವರಿ ಏಟು) ಇಲ್ಲ.

ಇರುವ 12 ಲೆವೆಲ್‌ನಲ್ಲಿ 5 ರೇಂಜರ್ ಅನ್ನೋ ಇನ್ನೊಂದು ವರ್ಗಕ್ಕೆ ಕೊಟ್ಟರೆ ಸರದಿಗೆ ಎರಡು ಬಾಣ ಸಿಗುತ್ತದೆ. ಗೇಮ್‌ನಲ್ಲಿ ಪಾತ್ರ ಬದಲಿಸಿಕೊಡುವ ವಿದರ್ಸ್‌ಗೆ 100 ಚಿನ್ನ ಕೊಟ್ಟು ಮೊದಲಿಂದ ಮಾಡಲಾ? ಇಲ್ಲಾ ಎರಡು ಕೈಗೂ ಪುಟ್ಟ ಕ್ರಾಸ್‌ಬೋ ಹಿಡಿಸಲಾ? ಬಿಲ್ಲು ಬಿಡಲು ಮಾತ್ರ ಮನಸ್ಸಿಲ್ಲ. ಆಡಿದವರು ಹೇಳಿ.